ಏಕಾಂತಯ್ಯನವರ ಬರಿಹೊಟ್ಟೆ

ವರ್ಷಿಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈಗ ಮುಚ್ಚಿಟ್ಟು ಆಗಬೇಕಾದ್ದೇನಿದೆ? ಆಗ ಅವಳಿಗೆ ಇಪ್ಪತ್ತಾರು, ನನಗೆ ನಲವತ್ತೈದು. ತಾಯಿಯ ವಯಸ್ಸಿನವಳು ಮಗಳಂಥವಳ ಮೇಲೆ ಉರಿದುಕೊಳ್ಳುವುದು ನಾಚಿಕೆಗೇಡು ಎಂದು ನನಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಆರುತ್ತದೆಯೇ?

ಆಗ್ಗೆ ಹತ್ತೊಂಬತ್ತು ವರ್ಷದಿಂದ ನಾನು ಮೈಸೂರಿನ ಒಂದು ಕಾಲೇಜಿನ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುವುದು, ಸೀರಂ ಬೇರೆ ಮಾಡುವುದು, ಟ್ಯೂಬಿಗೆ ಚೀಟಿ ಅಂಟಿಸುವುದು, ಸಂಶೋಧನೆಗೆ ಬಂದವರಿಗೆ ಪಿಪೆಟ್ ಹಿಡಿಯಲು ಕಲಿಸುವುದು, ಎಲ್ಲ ನಾನೇ. ನನ್ನ ಕೈಯಲ್ಲಿ ಕಲಿತ ಆರು ಮಂದಿ ಡಾಕ್ಟರೇಟ್ ಮಾಡಿಕೊಂಡು ಹೋದರು. ಅವರ ಪ್ರಬಂಧಗಳ ಮೂಲೆಯಲ್ಲಿ 'ಲ್ಯಾಬಿನ ಸಿಬ್ಬಂದಿಗೆ ಕೃತಜ್ಞತೆ' ಎಂದಿರುತ್ತಿತ್ತು. ಸಿಬ್ಬಂದಿ ಎಂದರೆ ನಾನು. ಹೆಸರಿಲ್ಲ. ಬಿ.ಎಸ್ಸಿ.ಯಲ್ಲಿ ನಾನು ಕಾಲೇಜಿಗೇ ಎರಡನೆಯವಳು; ಎಂ.ಎಸ್ಸಿ.ಗೆ ಅರ್ಜಿ ತುಂಬಿದ ವಾರವೇ ಮನೆಯಲ್ಲಿ ಲಗ್ನಪತ್ರಿಕೆ ಬರೆಸಿದರು. ಇರಲಿ ಬಿಡಿ.

1998ರಲ್ಲಿ ಈ ಹುಡುಗಿ ಬಂದಳು. ಇಲವಾಲದ ಜವರಯ್ಯ ಎನ್ನುವ ರೈತರ ಮಗಳು. ಹುಣಸೂರು ರಸ್ತೆಯ ಬಸ್ಸಿನಲ್ಲಿ ನೇತಾಡಿಕೊಂಡು ಬಂದರೂ ದಿನವೂ ನನಗಿಂತ ಮೊದಲೇ ಲ್ಯಾಬಿನಲ್ಲಿರುತ್ತಿದ್ದಳು. ಮೊದಲ ದಿನವೇ "ಪ್ರೇಮಕ್ಕ, ನಂಗೇನೂ ಗೊತ್ತಿಲ್ಲ, ನೀವೇ ಎಲ್ಲ ಯೋಳ್ಕೊಡ್ಬೇಕು" ಎಂದಳು. "ಯೋಳ್ಕೊಡ್ಬೇಕಂತೆ!" ಎಂದು ಮನೆಗೆ ಬಂದು ಗಂಡನ ಮುಂದೆ ಅಣಕಿಸಿ ನಕ್ಕೆ. ಮೂರು ತಿಂಗಳಿಗೆ ನಗು ನಿಂತಿತು, ನಾನು ಹೇಳಿಕೊಡಬೇಕಾದ್ದು ಏನೂ ಉಳಿದಿರಲಿಲ್ಲ. ಮೊದಲೆಲ್ಲ ನಮ್ಮ ಮುಖ್ಯಸ್ಥರು ಮಹದೇವಪ್ರಸಾದ್ ಸರ್ ಬಾಗಿಲಲ್ಲಿ ನಿಂತು "ಪ್ರೇಮಲೀಲಾ ಅವರೇ" ಎಂದು ಕೂಗುತ್ತಿದ್ದರು. ಈಗ ಅದೇ ಬಾಗಿಲಲ್ಲಿ ನಿಂತು "ವರ್ಷಿಣೀ" ಎನ್ನುತ್ತಿದ್ದರು.

ಅವಳ ವಿಷಯ ಇನ್ಸುಲಿನ್. ಸಕ್ಕರೆ ತಿಂದರೆ ಇನ್ಸುಲಿನ್ ಏರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪ್ರೋಟೀನಿಗೂ ಏರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ರಕ್ತ ಕೊಡಲು ಬಂದವರಿಗೆ ಅವಳು ಅದನ್ನು ತಿಳಿಸುವ ರೀತಿ ನೋಡಬೇಕಿತ್ತು. "ಬ್ಯಾಳೆ, ಹಾಲು, ಮೊಸರು ತಗೋತೀರಲ್ಲ ತಾತ, ಅದ್ರಲ್ಲಿರೋ ಪ್ರೋಟೀನು ಹೊಟ್ಟೇಲಿ ಒಡ್ದು ಅಮೈನೋ ಆಮ್ಲ ಆಯ್ತದೆ. ಅದು ರಕ್ತಕ್ಕೆ ಬಂದೇಟ್ಗೆ ಮೇದೋಜೀರಕ ಗ್ರಂಥಿಗೆ ಗೊತ್ತಾಗ್ಬುಡ್ತದೆ, ಓ ಊಟ ಬಂತು ಅಂತ. ಆಗ ಇನ್ಸುಲಿನ್ ಬುಡ್ತದೆ." ಮುದುಕರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನು ಅಷ್ಟು ವರ್ಷದಲ್ಲಿ ಯಾರಿಗೂ ಏನೂ ತಿಳಿಸಿದವಳಲ್ಲ. ಕೈ ಚಾಚಿ, ಮುಷ್ಟಿ ಬಿಗಿ ಮಾಡಿ, ಆಯ್ತು ಹೋಗಿ. ಇಷ್ಟೇ.

ಪ್ರಯೋಗಕ್ಕೆ ಸಕ್ಕರೆ ಕಾಯಿಲೆ ಇಲ್ಲದ, ಐವತ್ತು ದಾಟಿದ ಇಪ್ಪತ್ತು ಜನ ಬೇಕಿತ್ತು. ಹಿಂದಿನ ದಿನದ ಊಟವಾದ ಮೇಲೆ ನೀರು ಬಿಟ್ಟು ಬೇರೇನೂ ಮುಟ್ಟದೆ ಬೆಳಿಗ್ಗೆ ಎಂಟಕ್ಕೆ ಬರಿಹೊಟ್ಟೆಯಲ್ಲಿ ಬರಬೇಕು. ಅವರಲ್ಲಿ ಐದು ಜನರನ್ನು ಕರೆತಂದವಳು ನಾನೇ. ರಾಮಕೃಷ್ಣನಗರದಲ್ಲಿ ನಮ್ಮ ಪಕ್ಕದ ಬೀದಿಯ ಏಕಾಂತಯ್ಯನವರು, ಅವರ ಜೊತೆ ಮಠಕ್ಕೆ ಹೋಗಿಬರುವ ನಾಲ್ವರು ಹಿರಿಯರು. ಎಲ್ಲರೂ ನಮ್ಮವರೇ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಏಕಾಂತಯ್ಯನವರಿಗೆ ನಾನೆಂದರೆ ಮನೆಮಗಳು. ಆದರೆ ವರ್ಷಿಣಿ ಮೊದಲ ಸಲ ಅವರ ರಕ್ತ ತೆಗೆದಾಗ ಏನೆಂದರು ಗೊತ್ತೇ? "ಸೂಜಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಕಣಮ್ಮ ಪ್ರೇಮಾ. ಈ ಮಗು ಕೈಗುಣ ಬಹಳ ಚೆನ್ನಾಗಿದೆ." ನಾನು ಕೈಯಲ್ಲಿದ್ದ ಟ್ಯೂಬನ್ನು ಸ್ಟ್ಯಾಂಡಿಗೆ ಕುಕ್ಕಿದೆ. ಇಷ್ಟು ವರ್ಷ ಅವರ ಮನೆಮಂದಿಯ ರಕ್ತವನ್ನೆಲ್ಲ ತೆಗೆದ ನನ್ನ ಕೈಯೇನು ಸೌದೆಯೇ?

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಹದಿನೈದು ಜನರದು ಇರಬೇಕಾದ ಹಾಗೇ ಇತ್ತು. ನಾನು ಕರೆತಂದ ಐದು ಜನರದು ಮಾತ್ರ ವಿಚಿತ್ರ. ಬರಿಹೊಟ್ಟೆಯ ಸಕ್ಕರೆ ಸರಿಯಾಗಿದೆ, ಆದರೆ ಇನ್ಸುಲಿನ್ ಎರಡು ಮೂರು ಪಟ್ಟು, ಅಮೈನೋ ಆಮ್ಲವೂ ಜಾಸ್ತಿ. ಏನೂ ತಿನ್ನದವರ ರಕ್ತದಲ್ಲಿ ಅದು ಏಕೆ ಏರಬೇಕು? "ಸರ್, ಮುಂದೆ ಇವ್ರಿಗೆ ಸಕ್ಕರೆ ಕಾಯಿಲೆ ಬರೋದ್ರ ಮುನ್ಸೂಚನೆ ಇರ್ಬೋದಾ ಇದು?" ಎಂದಳು ವರ್ಷಿಣಿ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಸಂತೋಷವಾದಾಗ ಅವರು ಹಾಗೆ ಮಾಡುತ್ತಾರೆ; ನನ್ನ ಕೆಲಸ ನೋಡಿ ಒಂದು ದಿನವೂ ಒರೆಸಿಕೊಂಡಿದ್ದಿಲ್ಲ. "ಅವರನ್ನ ಇನ್ನೊಂದು ಸಲ ಕರೆಸಿ ನೋಡಿ. ಮತ್ತೆ ಹೀಗೇ ಬಂದ್ರೆ ಹೈದರಾಬಾದಿನ ಸಮ್ಮೇಳನಕ್ಕೆ ಬರೆದು ಕಳಿಸೋಣ. ನೀವೇ ಹೋಗಿ ಮಾತಾಡುವಿರಂತೆ" ಎಂದರು.

ಎರಡನೆಯ ಸಲ ರಕ್ತ ಕೊಡುವ ದಿನ ನನ್ನ ಲೂನಾ ಕೆಟ್ಟಿತ್ತು. ಏಕಾಂತಯ್ಯನವರ ಮಗ ಮಹೇಶ್ ಅವರನ್ನೂ ನನ್ನನ್ನೂ ಕಾರಿನಲ್ಲಿ ಬಿಡುತ್ತೇನೆ ಎಂದಿದ್ದರಿಂದ ಏಳು ಗಂಟೆಗೇ ಅವರ ಮನೆಗೆ ಹೋದೆ. ಏಕಾಂತಯ್ಯನವರು ಮಣೆಯ ಮೇಲೆ ಕೂತು ಪೂಜೆ ಮುಗಿಸುತ್ತಿದ್ದರು. ಅಂಗೈಯಲ್ಲಿದ್ದ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಮುಚ್ಚಿದರು. ಅವರ ಹೆಂಡತಿ ಪಾರ್ವತಮ್ಮ ಲಿಂಗಕ್ಕೆ ಅರ್ಪಿಸಿದ ಹಾಲಿನ ಲೋಟವನ್ನು ಮುಂದಕ್ಕೆ ಸರಿಸಿದರು. ದೊಡ್ಡ ಲೋಟ, ಗಟ್ಟಿ ಹಾಲು, ಸಕ್ಕರೆ ಹಾಕಿಲ್ಲ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, "ನಡಿಯಮ್ಮ, ಬರಿಹೊಟ್ಟೇಲಿದ್ದೀನಿ, ಬೇಗ ಮುಗಿಸ್ಬುಡಿ" ಎಂದರು.

ಅಯ್ಯೋ ಶಿವನೇ! ನಮ್ಮ ಮನೆಯಲ್ಲಿ ಪೂಜೆಯಾದ ಮೇಲೆ ಒಂದು ಹನಿ ತೀರ್ಥ ತೆಗೆದುಕೊಂಡರೆ ಮುಗಿಯಿತು. ಇವರ ಬಳಗದಲ್ಲಿ ಹಾಗಲ್ಲ. ಲಿಂಗಕ್ಕೆ ಅರ್ಪಿಸಿದ್ದು ಪ್ರಸಾದ. ಪ್ರಸಾದವನ್ನು ಅವರು ಆಹಾರದ ಸಾಲಿಗೇ ಸೇರಿಸುವುದಿಲ್ಲ. ಐದು ಜನರೂ ಹೀಗೇ ಬಂದಿರಬೇಕು. ಹಾಲಿನ ಪ್ರೋಟೀನು ಒಂದು ಗಂಟೆಯಲ್ಲಿ ಅಮೈನೋ ಆಮ್ಲವಾಗಿ ರಕ್ತಕ್ಕೆ ಬಂದಿದೆ, ಇನ್ಸುಲಿನ್ ಏರಿದೆ. ಮುನ್ಸೂಚನೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ.

ಕಾರಿನಿಂದ ಇಳಿಯುವವರೆಗೂ ಹೇಳಿಬಿಡಬೇಕೆಂದೇ ಇದ್ದೆ, ದೇವರಾಣೆ. ಅಷ್ಟರಲ್ಲಿ ವರ್ಷಿಣಿ ಓಡಿಬಂದು ಏಕಾಂತಯ್ಯನವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಅವರು ಅವಳ ತಲೆ ಸವರಿ "ನೀನೇ ಚುಚ್ಚಮ್ಮ ತಾಯಿ" ಎಂದರು. ಫಾರಂ ತುಂಬುವುದು ನನ್ನ ಕೆಲಸ. 'ಬರಿಹೊಟ್ಟೆ' ಎಂದಿದ್ದ ಕಡೆ 'ಹೌದು' ಎಂದು ಬರೆದು ಸಹಿ ಹಾಕಿದೆ. ಹೋಗಲಿ ಹೈದರಾಬಾದಿಗೆ. ಅಷ್ಟು ದೊಡ್ಡವರ ಎದುರು ಯಾರಾದರೂ ಎದ್ದು, ಇವರೇನು ಕುಡಿದು ಬಂದಿದ್ದರಮ್ಮ ಎಂದು ಕೇಳಲಿ. ಅವಳ ಮುಖ ಸಣ್ಣಗಾಗಲಿ. ಎರಡನೆಯ ಸಲವೂ ಇನ್ಸುಲಿನ್ ಏರಿಯೇ ಬಂತು. ಲ್ಯಾಬಿನಲ್ಲಿ ಮೈಸೂರುಪಾಕು ಹಂಚಿದರು. ನಾನೂ ಎರಡು ತುಂಡು ತಿಂದೆ. ಹತ್ತು ದಿನ ನನ್ನಷ್ಟು ಸುಖಿ ಮೈಸೂರಿನಲ್ಲೇ ಇರಲಿಲ್ಲ.

ಹನ್ನೊಂದನೆಯ ದಿನ ಅವಳು ಟೈಪ್ ಮಾಡಿಸಿದ ಹಾಳೆ ತಂದಳು. ಸಮ್ಮೇಳನಕ್ಕೆ ಕಳಿಸುವ ಬರಹ. "ತಪ್ಪಿದ್ರೆ ನೋಡಿ ಪ್ರೇಮಕ್ಕ" ಎಂದಳು. ಮೇಲೆ ಮೂರು ಹೆಸರುಗಳಿದ್ದವು: ಜೆ. ವರ್ಷಿಣಿ, ಬಿ. ಪ್ರೇಮಲೀಲಾ, ಮಹದೇವಪ್ರಸಾದ್. ಮೂರು ಸಲ ಓದಿದೆ.

"ಇದು ಯಾರು?" ಎಂದೆ.

"ನೀವೇ ಕಣಕ್ಕ. ಸರ್ ಮೊದ್ಲು ಬ್ಯಾಡ ಅಂದ್ರು, ಟೆಕ್ನಿಷಿಯನ್ ಹೆಸ್ರು ಹಾಕೋ ರೂಢಿ ಇಲ್ಲ ಅಂತ. ಅಂಗಾದ್ರೆ ನಂದೂ ಬ್ಯಾಡ ಬುಡಿ ಸರ್ ಅಂದೆ."

ಮನೆಯಲ್ಲಿ ನನ್ನ ಗಂಡ ಪ್ರಭುಸ್ವಾಮಿ ಆ ಹಾಳೆಯನ್ನು ಹಾಲಿನ ಬೂತಿನವನಿಗೂ ತೋರಿಸಿ ಬಂದರು. ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ನನ್ನ ಹೆಸರು ಅಚ್ಚಾಗುವುದು ಅದೇ ಮೊದಲು, ಬಹುಶಃ ಅದೇ ಕೊನೆ. ಸುಮ್ಮನಿದ್ದರೆ ಹೆಸರು ಬರುತ್ತದೆ, ಸುಳ್ಳಿನ ಮೇಲೆ ಬರುತ್ತದೆ. ಬಾಯಿ ಬಿಟ್ಟರೆ ಬರಹವೇ ಹೋಗುತ್ತದೆ, ಅದರ ಜೊತೆ ನನ್ನ ಹೆಸರೂ ಹೋಗುತ್ತದೆ. ಅವಳಿಗೆಂದು ತೋಡಿದ ಗುಂಡಿಗೆ ಅವಳು ನನ್ನನ್ನೂ ಪ್ರೀತಿಯಿಂದಲೇ ಕರೆದುಕೊಂಡು ಹೊರಟಿದ್ದಳು. ಅದಕ್ಕೂ ಅವಳ ಮೇಲೆ ಸಿಟ್ಟೇ ಬಂತು. ಇವಳಿಗೆ ಯಾರು ಹೇಳಿದ್ದರು ಇಷ್ಟು ಒಳ್ಳೆಯವಳಾಗು ಅಂತ?

ಮರುದಿನ ಬೆಳಿಗ್ಗೆ ಹಾಲಿನ ಸಂಗತಿ ಹೇಳಿಬಿಟ್ಟೆ. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಯಾವಾಗ ಗೊತ್ತಾಯ್ತಕ್ಕ?" ಎಂದಳು.

"ಇವತ್ತು ಬೆಳಿಗ್ಗೆ. ಪಾರ್ವತಮ್ಮ ಮಾತಾಡ್ತಾ ಮಾತಾಡ್ತಾ ಹೇಳಿದ್ರು" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ದೇವ್ರು ಬಂದಂಗೆ ಬಂದು ಯೋಳುದ್ರಿ. ಹೈದರಾಬಾದ್ನಲ್ಲಿ ಮಾನ ಹೋಗ್ಬುಡ್ತಿತ್ತು." ಸರ್ ಹತ್ತಿರ ಓಡಿಹೋಗಿ, ತಪ್ಪು ಕಂಡುಹಿಡಿದವರು ಪ್ರೇಮಕ್ಕ ಎಂದಳು. ಸರ್ ಬಂದು ನನ್ನ ಮುಂದೆ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. ಹತ್ತೊಂಬತ್ತು ವರ್ಷ ಕಾದದ್ದು ಕೊನೆಗೆ ಸಿಕ್ಕಿತು, ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ.

ವರ್ಷಿಣಿ ಒಂದೇ ದಿನ ಅತ್ತಳು. ಮಾರನೆಯ ದಿನ ಹೊಸ ಯೋಜನೆ ಹಾಕಿದಳು. ಐದು ಜನರೂ ಮತ್ತೆ ಬರಲಿ. ಪೂಜೆಯ ಹಾಲನ್ನು ಮನೆಯಲ್ಲಿ ಕುಡಿಯದೆ ಫ್ಲಾಸ್ಕಿನಲ್ಲಿ ತರಲಿ. ಮೊದಲು ನಿಜವಾದ ಬರಿಹೊಟ್ಟೆಯ ರಕ್ತ, ಆಮೇಲೆ ಆ ಹಾಲು, ಆಮೇಲೆ ಅರ್ಧ ಗಂಟೆಗೊಮ್ಮೆ ರಕ್ತ. ಒಂದು ಲೋಟ ಹಾಲಿಗೆ ಸಕ್ಕರೆ ಎಷ್ಟು ಅಲುಗುತ್ತದೆ, ಅಮೈನೋ ಆಮ್ಲ ಎಷ್ಟು ಏರುತ್ತದೆ, ಅದರ ಜೊತೆ ಇನ್ಸುಲಿನ್ ಎಷ್ಟು ಏರುತ್ತದೆ ಎಂದು ನೋಡುವುದು. ಸಣ್ಣ ವಿಷಯ, ಆದರೆ ನಿಜವಾದದ್ದು.

ಏಕಾಂತಯ್ಯನವರು ಫ್ಲಾಸ್ಕನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ವರ್ಷಿಣಿ ಸೂಜಿ ಚುಚ್ಚಿದಳು. ನಾನು ಪಕ್ಕದಲ್ಲೇ ಟ್ಯೂಬ್ ಹಿಡಿದು ನಿಂತಿದ್ದೆ. "ಪ್ರಸಾದಾನೂ ಕುಡೀಬಾರದು ಅಂತ ಮೊದಲೇ ಹೇಳಬಾರದಿತ್ತಾ ತಾಯಿ?" ಎಂದರು ಅವರು. "ಹೋದ ಸಲ ಪ್ರೇಮಾ ನಮ್ಮ ಮನೇಲೇ ಇದ್ಲಲ್ಲ, ಅವಳ ಕಣ್ಮುಂದೇನೇ ಕುಡಿದೆ. ಅವಳು ಏನೂ ಅನ್ನಲಿಲ್ಲ. ಸರಿ, ಪರವಾಗಿಲ್ಲ ಅಂತ ಕಾಣುತ್ತೆ ಅಂದ್ಕೊಂಡೆ."

ವರ್ಷಿಣಿ ಸೂಜಿ ತೆಗೆದು, ಹತ್ತಿ ಒತ್ತಿ, "ಕೈ ಮಡಚಿಟ್ಕೊಳಿ ತಾತ" ಎಂದಳು. ಆಮೇಲೆ ನನ್ನ ಕಡೆ ನೋಡಿದಳು, ಒಂದೇ ಸಲ. ಟ್ಯೂಬು ಈಸಿಕೊಂಡು ಹೋದಳು.

ಮೂರು ವಾರ ಅವಳು ಏನೂ ಕೇಳಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ನಾಲ್ಕನೆಯ ವಾರ ಹೊಸ ಹಾಳೆ ತಂದು ಮೇಜಿನ ಮೇಲಿಟ್ಟಳು. ನನ್ನ ಕಣ್ಣು ಮೊದಲು ಹುಡುಕಿದ್ದು ನನ್ನ ಹೆಸರನ್ನೇ. ಮೊದಲಿದ್ದ ಜಾಗದಲ್ಲೇ ಇತ್ತು.

"ತೆಗೆದುಹಾಕು ಇದನ್ನ" ಎಂದೆ.

"ರಕ್ತ ತೆಗೆಯೋಕೆ ನಂಗೆ ಕಲಿಸ್ದೋರು ನೀವೇ ತಾನೆ?" ಎಂದಳು. "ಓದಿ ನೋಡಿ. ಎಲ್ಲ ನಿಜ ಇದ್ರೆ ಸಹಿ ಹಾಕಿ." ಪೆನ್ನು ಇಟ್ಟು ಹೋದಳು. ಅಕ್ಕ ಎನ್ನಲಿಲ್ಲ. ನಾನು ಒಂದೊಂದೇ ಸಾಲು ಓದಿ, ಎಲ್ಲ ನಿಜವಿದ್ದುದರಿಂದ, ಸಹಿ ಹಾಕಿದೆ.

ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಹೆಸರನ್ನು ಕಿತ್ತುಹಾಕುತ್ತಿದ್ದೆ. ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ. ಅವಳಿಗೆ ಹಾಗೆ ಮಾಡಬೇಕೆನ್ನಿಸಲಿಲ್ಲ, ಅಷ್ಟೇ, ಅದನ್ನೇ ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಆ ಹಾಳೆಗೆ ನನ್ನ ಗಂಡ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾರೆ. ಮನೆಗೆ ಬಂದವರೆಲ್ಲ ಅದರಲ್ಲಿ ನನ್ನ ಹೆಸರು ಓದುತ್ತಾರೆ. ನಾನು ಓದುವುದು ನನಗಿಂತ ಮೊದಲಿರುವ ಹೆಸರನ್ನು.