ಮೇಜಿನ ಬಟ್ಟೆಯ ಬಣ್ಣ

ಅತ್ತೆಯ ಹೊದಿಕೆ ಬಕೆಟ್ಟಿನಲ್ಲಿ ನೆನೆದಿತ್ತು. ಒಲೆಯ ಮೇಲೆ ಹಾಲು ಇನ್ನೇನು ಉಕ್ಕುವುದರಲ್ಲಿತ್ತು. ಫೋನು ಬಡಿದುಕೊಂಡದ್ದು ಆಗಲೇ. ಅವಳು ಒಂದು ಕೈಯಲ್ಲಿ ಪಾತ್ರೆ ಇಳಿಸಿ, ಸೋಪು ಹತ್ತಿದ ಇನ್ನೊಂದು ಕೈಯನ್ನು ಸೆರಗಿಗೆ ಒರೆಸಿ ಫೋನು ಎತ್ತಿದಳು. ವಾರಪತ್ರಿಕೆಯ ಸಂಪಾದಕರು.

"ಅಮ್ಮಾ, ನಿಮ್ಮ ಪರಿಸ್ಥಿತಿ ನಂಗೆ ಗೊತ್ತಿಲ್ಲದ್ದಲ್ಲ. ಆದ್ರೆ ನಾಳೆ ಸಾಯಂಕಾಲದೊಳಗೆ ಅಂಕಣ ಬರಬೇಕು. ಬರಲಿಲ್ಲ ಅಂದ್ರೆ ಆ ಜಾಗಕ್ಕೆ ಪದಬಂಧ ಹಾಕ್ತೀನಿ. ತಪ್ಪು ತಿಳ್ಕೋಬೇಡಿ."

"ಒಂದು ವಾರಕ್ಕಾ?"

ಸಂಪಾದಕರು ಕೆಮ್ಮಿದರು. "ಪದಬಂಧ ಒಂದ್ಸಲ ಶುರು ಮಾಡಿದ್ರೆ ನಿಲ್ಲಿಸೋಕೆ ಜನ ಬಿಡಲ್ಲಮ್ಮ."

ಅಂಕಣದ ಹೆಸರು 'ಈ ವಾರ ಎಲ್ಲಿಗೆ?' ಊರಿನಲ್ಲಿ ಎಲ್ಲಿ ಊಟ ಚೆನ್ನ, ಯಾವ ನಾಟಕ ನೋಡಬಹುದು, ಮಕ್ಕಳನ್ನು ಕರೆದುಕೊಂಡು ಯಾವ ಕಡೆ ಹೋಗಬಹುದು ಎಂದು ಆರು ವರ್ಷದಿಂದ ಜನರಿಗೆ ಹೇಳುತ್ತಾ ಬಂದಿದ್ದ ಅಂಕಣ. ಕೆಳಗೆ 'ಊರಾಡಿ' ಎಂಬ ಸಹಿ. ತಮಾಷೆಯೆಂದರೆ, ಆ ಊರಾಡಿ ಮನೆಯ ಹೊಸಿಲು ದಾಟಿ ತರಕಾರಿ ಅಂಗಡಿಗಿಂತ ಆಚೆ ಹೋದವಳೇ ಅಲ್ಲ. ಅತ್ತೆ ಸ್ನಾನದ ಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಯಾರಾದರೊಬ್ಬರು ಮನೆಯಲ್ಲಿ ಇರಲೇಬೇಕಾಗಿತ್ತು. ಆ ಯಾರಾದರೊಬ್ಬರು ಅವಳು.

ಊರು ತಿರುಗುತ್ತಿದ್ದವನು ಅವಳ ಗಂಡ. ಬೇಕರಿಯ ವ್ಯಾನಿನಲ್ಲಿ ಬೆಳಗ್ಗೆಯೂ ಸಾಯಂಕಾಲವೂ ಊರಿನ ಅಷ್ಟೂ ಹೋಟೆಲುಗಳಿಗೆ, ನಾಟಕಮಂದಿರದ ಕ್ಯಾಂಟೀನಿಗೆ ಬ್ರೆಡ್ಡು ಬನ್ನು ಹಾಕುವುದು ಅವನ ಕೆಲಸ. ಕಲೆ ತೆಗೆಯುವ ಉಪಾಯಗಳ ಬಗ್ಗೆ ಅವಳು ಪತ್ರಿಕೆಗೆ ಬರೆದ ನಾಲ್ಕು ಸಾಲು ಮೆಚ್ಚಿ ಸಂಪಾದಕರು, "ಇನ್ನೇನಾದ್ರೂ ಬರೀತೀರಾ?" ಎಂದಾಗ ಅವನೇ ಹೇಳಿದ್ದ: "ಬರೀತೀನಿ ಅನ್ನು. ನಾನು ತಿಂದು, ನೋಡಿ ಬಂದು ಹೇಳ್ತೀನಿ. ನೀನು ಬರಿ. ಬಾಯಿ ನಂದು, ಕೈ ನಿಂದು."

ಹಾಗೆಯೇ ನಡೆಯಿತು. ಸಂಜೆ ಅವನು ಕೈಕಾಲು ತೊಳೆದು ಅಡುಗೆಮನೆಯ ಮಣೆಯ ಮೇಲೆ ಕೂರುತ್ತಿದ್ದ. ಅವಳು ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ನೋಟುಪುಸ್ತಕದ ಮೇಲೆ ಇಟ್ಟು ಕೇಳುತ್ತಿದ್ದಳು. ಮೀನು ಎಷ್ಟು ಗರಿಯಾಗಿತ್ತು? ಖಾರ ಮೊದಲು ನಾಲಿಗೆಗೆ ಹತ್ತಿತೋ, ಆಮೇಲೆ ಗಂಟಲಿಗೋ? ಪಕ್ಕದ ಮೇಜಿನಲ್ಲಿ ಯಾರಿದ್ದರು? ಅವನು ಎಲ್ಲದಕ್ಕೂ ಕೈಯಾಡಿಸಿಕೊಂಡು ಉತ್ತರ ಕೊಡುತ್ತಿದ್ದ. ಮೇಜಿನ ಬಟ್ಟೆ ಯಾವ ಬಣ್ಣ ಎಂದರೆ ಮಾತ್ರ ಕತ್ತು ಕೆರೆದುಕೊಳ್ಳುತ್ತಿದ್ದ. "ಬಿಳಿ ಬರ್ಕೋ. ಗಂಡಸರು ಅದನ್ನೆಲ್ಲ ನೋಡ್ತಾರೇನೇ?" ಹಾಗಾಗಿ ಆರು ವರ್ಷವೂ ಊರಾಡಿಯ ಊರಿನ ಎಲ್ಲ ಮೇಜುಗಳ ಮೇಲೂ ಬಿಳಿ ಬಟ್ಟೆಯೇ.

ಆರು ವಾರದ ಹಿಂದೆ, ಬ್ರೆಡ್ಡಿನ ತಟ್ಟೆಗಳನ್ನು ವ್ಯಾನಿಗೆ ಏರಿಸುವಾಗ ಎದೆ ಹಿಡಿದುಕೊಂಡು ಬೇಕರಿಯ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ.

ನೋಟುಪುಸ್ತಕದಲ್ಲಿ ಉಳಿದಿದ್ದ ಅವನ ಮಾತುಗಳನ್ನು ಅವಳು ಐದು ವಾರ ಎಳೆದಳು. ಸಂಪಾದಕರು ಸದ್ಯಕ್ಕೆ ಬೇಡ ಅಂದರೂ ಬಿಡಲಿಲ್ಲ. ಬರೆಯುವಷ್ಟು ಹೊತ್ತು ಅವನ ದನಿ ಕಿವಿಯಲ್ಲಿರುತ್ತಿತ್ತು, ಮಣೆ ಖಾಲಿ ಅನ್ನಿಸುತ್ತಿರಲಿಲ್ಲ. ಈಗ ಪುಸ್ತಕದಲ್ಲಿ ಒಂದು ಸಾಲೂ ಉಳಿದಿರಲಿಲ್ಲ. ಅಂಕಣ ಹೋದರೆ ಆ ಹೊತ್ತೂ ಹೋಯಿತು. ಅವಳಿಗೆ ಇದ್ದ ಭಯ ಅದೊಂದೇ.

"ಯಾರದೇ ಅದು ಫೋನು?" ಒಳಗಿಂದ ಅತ್ತೆ ಕೂಗಿದರು.

ಹೇಳಿದಳು.

"ಹಾಗಾದ್ರೆ ಹೋಗಿ ತಿಂದು ಬಾ. ಊರಿಗೆಲ್ಲ ಉಣ್ಣೋ ಜಾಗ ತೋರಿಸ್ದೋಳು, ಒಂದ್ಸಲ ನೀನೂ ಉಂಡು ನೋಡು."

"ನಿಮ್ಮನ್ನ ಬಿಟ್ಟು ಹೇಗೆ ಹೋಗ್ಲಿ ಅತ್ತೆ?"

"ನಾನೇನು ಈ ಸೊಂಟ ಇಟ್ಕೊಂಡು ಯಾರ ಜೊತೆನಾದ್ರೂ ಓಡಿ ಹೋಗ್ತೀನಾ? ಪಕ್ಕದ ಮನೆಯವಳನ್ನ ಕೂರಿಸಿ ಹೋಗು. ಅವಳು ಮಾತಾಡಿ ಮಾತಾಡಿ ನನ್ನ ಪ್ರಾಣ ತೆಗೀತಾಳೆ, ತೆಗೀಲಿ."

ಹೊದಿಕೆ ಹಿಂಡಿ ಹರವಿ, ಅತ್ತೆಗೆ ಉಣ್ಣಿಸಿ, ಪಕ್ಕದ ಮನೆಯವಳನ್ನು ಕೂರಿಸಿ ಅವಳು ಹೊರಟಾಗ ಹನ್ನೆರಡು ದಾಟಿತ್ತು. ಎಲ್ಲಿಗೆ ಎಂಬುದರಲ್ಲಿ ಯೋಚನೆಯಿರಲಿಲ್ಲ. ಅವನು ಅತಿ ಹೆಚ್ಚು ಹೊಗಳುತ್ತಿದ್ದದ್ದು ದರ್ಜಿಗಳ ಓಣಿಯ ಹಿಂದಿನ ಮೀನಿನ ಹೋಟೆಲನ್ನು. "ನಿನ್ನನ್ನ ಕರ್ಕೊಂಡು ಹೋದ್ರೆ ಮೊದ್ಲು ಅಲ್ಲಿಗೇ," ಅನ್ನುತ್ತಿದ್ದ. ದಾರಿ ಗೊತ್ತಿರಲಿಲ್ಲವಾದ್ದರಿಂದ ತಾನೇ ಬರೆದ ಅಂಕಣದ ತುಣುಕನ್ನು ಕತ್ತರಿಸಿ ಕೈಯಲ್ಲಿ ಹಿಡಿದುಕೊಂಡಿದ್ದಳು.

'ಗಡಿಯಾರದ ಗೋಪುರ ದಾಟಿ, ದರ್ಜಿಗಳ ಓಣಿಯ ಕೊನೆಯಲ್ಲಿ ಎಡಕ್ಕೆ ತಿರುಗಿ. ಇಬ್ಬರು ಅಕ್ಕಪಕ್ಕ ನಡೆಯಲಾಗದಷ್ಟು ಕಿರಿದಾದ ದಾರಿ. ಹೆದರಬೇಡಿ, ಮೂಗನ್ನು ನಂಬಿ ನಡೆಯಿರಿ. ನೀಲಿ ಬಾಗಿಲು ಕಂಡಾಗ ನಿಲ್ಲಿ.'

ಹೊಲಿಗೆ ಯಂತ್ರಗಳ ಸದ್ದು ಹಿಂದೆ ಬಿತ್ತು. ಕಿರುದಾರಿಯಲ್ಲಿ ಈರುಳ್ಳಿಯ ಸಿಪ್ಪೆ ಕಾಲಿಗೆ ಹತ್ತಿತು. ಗ್ಯಾಸಿನ ಸಿಲಿಂಡರುಗಳು, ಬೋರಲು ಹಾಕಿದ ಬುಟ್ಟಿಗಳು, ಗೋಡೆಗೆ ಒರಗಿಸಿದ ಒದ್ದೆ ಪೊರಕೆ. ಒಂದು ಕಿಟಕಿಯಿಂದ ಹಬೆ ಬುಸುಬುಸು ಬರುತ್ತಿತ್ತು. ನೀಲಿ ಬಾಗಿಲೇನೋ ಇತ್ತು. ಆದರೆ ಅದರ ಹೊಸಿಲ ಮೇಲೆ ಒಬ್ಬ ದಪ್ಪನೆಯ ಅಡುಗೆಯವಳು ಕೂತು ಮೀನಿನ ಹುರುಪೆ ಕೆರೆಯುತ್ತಿದ್ದಳು. ಅವಳು ತಲೆಯೆತ್ತಿ, ಇವಳ ಕೈಯಲ್ಲಿದ್ದ ಪತ್ರಿಕೆಯ ತುಣುಕು ನೋಡಿ ಗೊಳ್ಳೆಂದು ನಕ್ಕಳು.

"ಬನ್ನಿ ಅಕ್ಕಾ, ಬನ್ನಿ. ಊರಾಡಿ ಕಡೆಯವರಾ?"

"ಅಂದ್ರೆ?"

"ಅದೇ, ಪೇಪರ್ ಓದ್ಕೊಂಡು ಬಂದೋರು. ಆ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಆರು ವರ್ಷದಿಂದ ಜನಾನ ನಮ್ಮ ಪಾತ್ರೆ ತೊಳೆಯೋ ಜಾಗಕ್ಕೇ ಕಳಿಸ್ತಾನೆ. ಮುಂದಿನ ಬಾಗಿಲು ದೊಡ್ಡ ರಸ್ತೆ ಮೇಲಿದೆ ಅಕ್ಕಾ, ಆನೆ ಹೋಗುವಷ್ಟು ಅಗಲ. ಅದು ಬಿಟ್ಟು ಎಲ್ರೂ ಇಲ್ಲೇ ಬರ್ತಾರೆ. ಮೊದಮೊದ್ಲು ಬೈದು ಕಳಿಸ್ತಿದ್ವಿ. ಆಮೇಲೆ ಅಭ್ಯಾಸ ಆಯ್ತು. ಅಡುಗೆಮನೆ ನೋಡ್ಕೊಂಡು ಒಳಗೆ ಹೋಗೋದು ಅವರಿಗೂ ಇಷ್ಟ. ನಮ್ಮಲ್ಲೊಂದೇ ಅಲ್ಲ, ಆ ಕಡೆ ಸೂಪಿನ ಅಂಗಡೀಲೂ ಇದೇ ಕಥೆಯಂತೆ."

ಇವಳ ಕಣ್ಣು ಆಚೀಚೆ ಹರಿಯಿತು. ಬಾಗಿಲ ಪಕ್ಕದಲ್ಲಿ ಬ್ರೆಡ್ಡಿನ ಮರದ ತಟ್ಟೆಗಳು ಒಂದರ ಮೇಲೊಂದು ಇದ್ದವು. ಅಂಚಿನಲ್ಲಿ ಬೇಕರಿಯ ಕೆಂಪು ಗುರುತು. ಆ ಗುರುತಿನ ಬಣ್ಣ ಅವನ ಅಂಗಿಗಳ ತೋಳಿಗೆ ಹತ್ತುತ್ತಿತ್ತು. ಅದನ್ನು ತೆಗೆಯಲು ಅವಳು ನಿಂಬೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

"ಬ್ರೆಡ್ಡು ಹಾಕೋರು…" ಎಂದು ಶುರುಮಾಡಿ ನಿಲ್ಲಿಸಿದಳು.

"ಬ್ರೆಡ್ಡಣ್ಣನಾ? ಹೋಗ್ಬಿಟ್ಟ ಅಕ್ಕಾ. ಒಂದೂವರೆ ತಿಂಗಳಾಯ್ತು. ಈಗ ಬರೋನು ತಟ್ಟೆ ಬಿಸಾಕಿ ಹೋಗ್ತಾನೆ, ಮಾತಿಲ್ಲ ಕಥೆಯಿಲ್ಲ." ಅಡುಗೆಯವಳ ಕೈಯಲ್ಲಿ ಚಾಕು ನಿಂತಿತು. "ನಿಮಗೆ ಪರಿಚಯನಾ?"

"ನಮ್ಮ ಮನೆಯವರು."

ಅಡುಗೆಯವಳು ಎದ್ದಳು. ಕೈ ತೊಳೆಯಲು ಹೋಗಿ, ನೀರು ಬಿಟ್ಟು, ಮರೆತು ಹಾಗೇ ನಿಂತಳು. ಇವಳ ಕೈಯಲ್ಲಿದ್ದ ತುಣುಕನ್ನೂ ಬ್ರೆಡ್ಡಿನ ತಟ್ಟೆಗಳನ್ನೂ ಒಂದಾದ ಮೇಲೊಂದು ನೋಡಿದಳು. ಆಮೇಲೆ ಒದ್ದೆ ಕೈಯಲ್ಲೇ ಇವಳ ಕೈ ಹಿಡಿದಳು.

"ಅಯ್ಯೋ ನನ್ನ ಬಾಯಿಗಿಷ್ಟು… ಹಾಗಾದ್ರೆ ಊರಾಡಿ ಅವನೇನಾ? ಅದಕ್ಕೇ ಅಷ್ಟು ಕೇಳ್ತಿದ್ದ! ಕೋರ್ಟಲ್ಲೂ ಅಷ್ಟು ಪ್ರಶ್ನೆ ಕೇಳಲ್ಲ. ಇವತ್ತು ಯಾವ ಮೀನು, ಎಷ್ಟು ಹೊತ್ತು ಹುರಿದ್ರಿ, ಉಂಡೋರು ಏನಂದ್ರು. ಉಂಡು ಹೋಗೋರನ್ನೂ ಬಿಡ್ತಿರಲಿಲ್ಲ, ಹೇಗಿತ್ತು ಹೇಗಿತ್ತು ಅಂತ ಅಡ್ಡಗಟ್ಟಿ ಕೇಳ್ತಿದ್ದ."

"ಅವರು ಯಾವ ಮೇಜಲ್ಲಿ ಕೂತ್ಕೋತಿದ್ರು?"

"ಮೇಜಾ?" ಅಡುಗೆಯವಳು ಅವಳ ಮುಖ ನೋಡಿದಳು. ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. "ಒಂದು ದಿನಾನೂ ಒಳಗೆ ಬರಲಿಲ್ಲ ಅಕ್ಕಾ. ಬಾರಪ್ಪಾ ಕೂತ್ಕೋ, ಒಂದು ತುಂಡು ಮೀನು ತಿನ್ನು, ನೀನು ತಿಂದ್ರೆ ನಮ್ಮ ಗಂಟೇನೂ ಹೋಗಲ್ಲ ಅಂತ ಎಷ್ಟು ಕರೆದಿದ್ದೀವಿ! 'ಅವಳ ಜೊತೆ ಬಂದಾಗ ಮುಂದಿನ ಬಾಗಿಲಿಂದ ಬರ್ತೀನಿ, ಆಗ ಬಡಿಸು' ಅಂತಿದ್ದ. ಒಂದು ಚಮಚ ನಾಲಿಗೆಗೆ ಹಚ್ಕೊಂಡು ನೋಡ್ತಿದ್ದ, ಅಷ್ಟೇ."

ಅಡುಗೆಮನೆ ದಾಟಿ ಒಳಗೆ ಹೋಗುವಾಗ ಬಡಿಸುವ ಕಿಂಡಿಯಲ್ಲಿ ಊಟದ ಕೋಣೆ ಓರೆಯಾಗಿ ಕಂಡಿತು. ಉಣ್ಣುವವರ ಬೆನ್ನು, ಒಬ್ಬಳ ಕಿವಿ, ಒಂದು ಮಗುವಿನ ಅಲ್ಲಾಡುವ ಕಾಲು. ಅವಳಿಗೆ ನಾಟಕಗಳೂ ನೆನಪಾದವು. "ರಾಜನ ಕಿರೀಟಾನ ಹಿಂದುಗಡೆ ಶೂ ದಾರದಲ್ಲಿ ಕಟ್ಟಿದ್ರು ಕಣೇ! ಸತ್ತು ಬಿದ್ದ ರಾಣಿ ಪರದೆ ಮರೆಗೆ ಕೈ ಚಾಚಿ ನೀರು ಕುಡಿದಳು!" ಎಂದು ಅವನು ನಗುತ್ತಾ ಹೇಳಿದ್ದು. ಊರಾಡಿಯ ಕಣ್ಣು ಎಷ್ಟು ಚುರುಕು ಎಂದು ಓದುಗರು ಕಾಗದ ಬರೆದಿದ್ದರು. ಮುಂದೆ ಕೂತವರಿಗೆ ಕಿರೀಟದ ಹಿಂಭಾಗ ಹೇಗೆ ಕಾಣಬೇಕು? ಅವನು ಬನ್ನಿನ ತಟ್ಟೆ ಹಿಡಿದು ರಂಗದ ಪಕ್ಕದಲ್ಲಿ ನಿಂತಿದ್ದ. ಆರು ವರ್ಷ ಬರೆದವಳಿಗೆ ಒಂದು ದಿನವೂ ಇದು ಹೊಳೆಯಲಿಲ್ಲ.

ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರಿಸಿದರು. ಬಟ್ಟೆ ಇರಲಿಲ್ಲ. ಬರೀ ಮರದ ಹಲಗೆ, ಒರೆಸಿ ಒರೆಸಿ ನುಣುಪಾದದ್ದು. ಮೀನು ಬಂತು. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಖಾರ ಮೊದಲು ನಾಲಿಗೆಗಲ್ಲ, ಗಂಟಲಿಗೆ. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಪಕ್ಕದ ಮೇಜಿಗೆ ದೊಡ್ಡ ಸಂಸಾರವೊಂದು ಬಂತು. ಅದರ ಯಜಮಾನ ಇವಳ ಎದುರಿನ ಖಾಲಿ ಕುರ್ಚಿಯ ಬೆನ್ನು ಹಿಡಿದು ಕೇಳಿದ. "ಯಾರಾದ್ರೂ ಬರೋರಿದ್ದಾರಾ ಅಮ್ಮಾ?"

ಅವಳು ತನ್ನ ತಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಇಲ್ಲ. ತಗೊಳ್ಳಿ."

ಅವನು ಕುರ್ಚಿ ಎಳೆದುಕೊಂಡು ಹೋದ. ಅವಳು ತಟ್ಟೆಯಲ್ಲಿ ಏನೂ ಬಿಡದೆ ತಿಂದಳು. ಬಿಡಲು ಮನಸ್ಸು ಬರಲಿಲ್ಲ.

ಮನೆಗೆ ಬಂದಾಗ ಪಕ್ಕದ ಮನೆಯವಳು ಮಾತು ಮುಗಿಸಿ ಹೊರಟಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವಳು ಒಣಗಿದ ಹೊದಿಕೆ ತಂದು, ಅವರ ಕಾಲ ಬಳಿ ಕೂತು ಮಡಚತೊಡಗಿದಳು.

"ತಿಂದ್ಯಾ?"

"ತಿಂದೆ."

"ಮತ್ತೆ ದನಿ ಯಾಕೆ ಹಾಗಿದೆ?"

ಹೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಬಾಯಿ ಕೇಳಲಿಲ್ಲ. "ಅತ್ತೆ, ಅವರು ಒಂದು ದಿನಾನೂ ಅಲ್ಲಿ ಕೂತು ತಿಂದಿಲ್ವಂತೆ. ಎಲ್ಲೂ ತಿಂದಿರಲಿಕ್ಕಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು, ತಿಂದೋರನ್ನ ಕೇಳ್ಕೊಂಡು ಬಂದು ನಂಗೆ ಹೇಳ್ತಿದ್ರು."

ಅತ್ತೆ ಅಚ್ಚರಿಪಡಲಿಲ್ಲ. "ನಂಗೆ ಗೊತ್ತಿತ್ತು," ಅಂದರು.

"ಹೇಗೆ?"

"ಅವನು ರಾತ್ರಿ ಉಣ್ಣೋದು ನಂಗೆ ಇಲ್ಲಿಗೆ ಕೇಳಿಸ್ತಿತ್ತಲ್ಲೇ. ಇನ್ನೊಂದು ಸ್ವಲ್ಪ ಹಾಕು, ಇನ್ನೊಂದು ಸ್ವಲ್ಪ ಹಾಕು ಅಂತ ಇಬ್ಬರ ಊಟ ಒಬ್ಬನೇ ಉಣ್ಣೋನು. ಹೋಟೆಲಲ್ಲಿ ಹೊಟ್ಟೆ ತುಂಬಾ ಮೀನು ತಿಂದು ಬಂದೋನು ಹಾಗೆ ಉಣ್ತಾನೇನೇ?"

ಹೊದಿಕೆಯ ಮಡಿಕೆ ಅವಳ ಕೈಯಿಂದ ಜಾರಿತು. ಬಡಿಸುತ್ತಿದ್ದವಳು ಅವಳೇ. ಊರಿನ ಊಟವೆಲ್ಲ ಉಂಡು ಬಂದರೂ ನನ್ನ ಕೈಯಡುಗೆ ಅಂದರೆ ಇವರಿಗೆ ಇಷ್ಟು ಆಸೆ ಎಂದು ಹಿಗ್ಗಿ ಹಿಗ್ಗಿ ಬಡಿಸಿದ್ದಳು. ಒಂದೊಂದು ದಿನ ತನ್ನ ಪಾಲಿನದನ್ನೂ. ಸಂಜೆ ಅಡುಗೆಮನೆಗೆ ಬರುತ್ತಲೇ ಮಣೆಯ ಮೇಲೆ ಕೂತು, ಹಸಿದ ಹೊಟ್ಟೆಯಲ್ಲಿ, ತಾನು ತಿನ್ನದ ಮೀನಿನ ರುಚಿಯನ್ನು ಅವಳಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಅನ್ನ ಬೇಯುವ ತನಕ.

"ನೀವಾದ್ರೂ ಹೇಳಬಾರದಿತ್ತಾ ಅತ್ತೆ?"

"ಏನಂತ ಹೇಳ್ಲಿ? ದಿನಕ್ಕೊಂದು ಗಂಟೆ ನೀವಿಬ್ಬರೂ ಅಲ್ಲಿ ಕೂತು ನಗೋದು ಕೇಳಿಸ್ತಿತ್ತು. ನಂಗೂ ಹೊತ್ತು ಹೋಗ್ತಿತ್ತು." ಅತ್ತೆಯ ದನಿ ಒಡೆಯಿತು. ಅದನ್ನು ಮುಚ್ಚಲು ಗದರಿದರು. "ಅಳಬೇಡ. ಒಗೆದ ಹೊದಿಕೆ ಮತ್ತೆ ಒದ್ದೆಯಾಗುತ್ತೆ."

ಅವಳು ಹೊದಿಕೆ ಎತ್ತಿಕೊಂಡು ಮತ್ತೆ ಮಡಚಿದಳು. ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ. ಆಮೇಲೆ ಅತ್ತೆ ಗೋಡೆ ನೋಡುತ್ತಲೇ ಕೇಳಿದರು.

"ಅಲ್ಲಿ… ಅವನು ಎಲ್ಲಿ ನಿಂತ್ಕೋತಿದ್ನಂತೆ?"

"ನಾನು ಕೇಳಲಿಲ್ಲ ಅತ್ತೆ. ತಟ್ಟೆ ಇಡೋ ಜಾಗ ನೋಡಿದೆ. ಬಾಗಿಲ ಎಡಗಡೆ. ಪಕ್ಕದಲ್ಲೇ ಅಡುಗೆಮನೆ ಕಿಟಕಿ ಇದೆ. ಅದರಿಂದ ಹಬೆ ಬರ್ತಿರುತ್ತೆ."

"ಬಿಸಿ ಹಬೆನಾ?"

"ಹೂಂ. ಬಿಸಿ."

"ಹಾಗಾದ್ರೆ ಚಳೀಲಿ ಬೆಚ್ಚಗಿರ್ತಿದ್ದ," ಅಂದರು ಅತ್ತೆ. ಉಸಿರು ಬಿಟ್ಟರು. "ಬೆಚ್ಚಗಿರ್ತಿದ್ದ ಬಿಡು. ಇನ್ನೇನೇನು ಇತ್ತು ಹೇಳು. ಮೀನು ಎಷ್ಟು ಗರಿಯಾಗಿತ್ತು?"

ಅವಳು ಹೇಳಿದಳು. ಅತ್ತೆ ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಪಕ್ಕದ ಮೇಜಿನಲ್ಲಿ ಯಾರಿದ್ದರು ಎಂದಾಗ ಕುರ್ಚಿಯ ವಿಷಯವನ್ನು ಮಾತ್ರ ನುಂಗಿಕೊಂಡಳು. ಒಲೆ ಹಚ್ಚುವ ಹೊತ್ತಾಯಿತು. ಅನ್ನಕ್ಕಿಟ್ಟು, ನೋಟುಪುಸ್ತಕ ತೆಗೆದು ಕೂತಳು. ಎದುರಿನ ಮಣೆಯನ್ನು ಗೋಡೆಗೆ ಒರಗಿಸಿಡಲಿಲ್ಲ, ಇದ್ದಲ್ಲೇ ಬಿಟ್ಟಳು. ಅವನ ದನಿ ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಅನ್ನ ಕುದಿಯುವ ಸದ್ದು, ಒಳಗೆ ಅತ್ತೆ ಮಗ್ಗುಲು ಬದಲಿಸಲಾರದೆ ನರಳುವ ಸದ್ದು, ಅಷ್ಟೇ.

ಆದರೂ ಬರೆದಳು.

'ದರ್ಜಿಗಳ ಓಣಿಯ ಹಿಂದಿನ ಮೀನಿನ ಹೋಟೆಲಿನ ಮೇಜುಗಳ ಮೇಲೆ ಬಟ್ಟೆ ಇಲ್ಲ. ಬಿಳಿ ಎಂದು ಇಷ್ಟು ವರ್ಷ ಬರೆದದ್ದು ತಪ್ಪು. ಕ್ಷಮಿಸಿ. ಮುಂದಿನ ಬಾಗಿಲು ದೊಡ್ಡ ರಸ್ತೆಯಲ್ಲಿದೆ. ಆದರೂ ನೀವು ಹಿಂದಿನ ನೀಲಿ ಬಾಗಿಲಿನಿಂದಲೇ ಹೋಗಿ. ಅದರ ಎಡಕ್ಕೆ ಒಂದು ಕಿಟಕಿ ಇದೆ. ಚಳಿಯಿದ್ದರೆ ಒಳಗೆ ಹೋಗುವ ಮೊದಲು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಬೆಚ್ಚಗಿರುತ್ತದೆ.'