ಒಂದೇ ದೋಣಿ, ಮೂರು ಕೆಲಸ

ಏಪ್ರಿಲ್ ಬಂತೆಂದರೆ ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕೇಪ್ಲಿನ್ ಆರ್ಮ್ ಊರಿನಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಏಡಿ ಹಿಡಿಯಲು ಸಮುದ್ರಕ್ಕೆ ಇಳಿಯುವ ದಿನವನ್ನು ಸರ್ಕಾರ ಗೊತ್ತುಮಾಡುತ್ತದೆ. ಅಷ್ಟರೊಳಗೆ ದೋಣಿ ನೀರಿಗಿಳಿಯಲೇಬೇಕು. ಚಳಿಗಾಲವೆಲ್ಲ ದಡದಲ್ಲಿ ನಿಂತಿದ್ದ ದೋಣಿಗಳ ರಿಪೇರಿ ಒಟ್ಟಿಗೇ ನಮ್ಮ ಯಾರ್ಡಿನ ಮೇಲೆ ಬೀಳುತ್ತದೆ. ಮೇಲೆ ವೆಲ್ಡರು, ಒಳಗೆ ಪೇಂಟರು, ಪಕ್ಕದಲ್ಲಿ ಎಲೆಕ್ಟ್ರಿಷಿಯನ್ನರು, ತಲೆಯ ಮೇಲೆ ಕ್ರೇನು. ಆ ಕ್ರೇನು ನಡೆಸುವವನು ನಾನು. ಹತ್ತೊಂಬತ್ತು ವರ್ಷದಿಂದ ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದೇನೆ. ನೋಡಿದ್ದೆಲ್ಲ ಅರ್ಥವಾಗಿತ್ತು ಎಂದು ಮಾತ್ರ ಹೇಳಲಾರೆ.

ನಮ್ಮಲ್ಲಿ ಗಾರ್ಲಂಡ್ ಕೀಪಿಂಗ್ ಎಂಬ ವೆಲ್ಡರ್ ಇದ್ದಾನೆ. ಅವನು ಹಾಕಿದ ಬೆಸುಗೆ ಬಿಟ್ಟಿದ್ದನ್ನು ಊರಿನಲ್ಲಿ ಯಾರೂ ನೋಡಿಲ್ಲ. ಅವನ ಹೆಂಡತಿ ಮರೀನಾ. ಮರೀನಾಳ ತಮ್ಮ ಲಿಯೋ ಅದೇ ಯಾರ್ಡಿನಲ್ಲಿ ಪೇಂಟರ್. ಭಾವ, ಭಾಮೈದ ಇಬ್ಬರೂ ಒಂದೇ ಗೇಟಿನಲ್ಲಿ ಒಳಗೆ ಬರುತ್ತಾರೆ, ಆಮೇಲೆ ಸಂಜೆಯವರೆಗೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಆ ವರ್ಷ ಸುರಕ್ಷತೆ ನೋಡಿಕೊಳ್ಳಲು ಬರ್ನಡೆಟ್ ಟೋಬಿನ್ ಬಂದಳು. ಹದಿನೈದು ವರ್ಷ ತಾನೇ ಪೇಂಟರ್ ಆಗಿದ್ದವಳು. ಬಂದ ಮೊದಲ ಸೋಮವಾರ ಅವಳು ಊಟದ ಕೋಣೆಯ ಗೋಡೆಗೆ ಒಂದು ಹಲಗೆ ಹೊಡೆಸಿದಳು. ಅದರ ಮೇಲೆ ಪ್ರತಿ ದೋಣಿಯ ನಕ್ಷೆ. ಬೆಳಿಗ್ಗೆ ಏಳೂವರೆಯ ಸಭೆಗೆ ಪ್ರತಿ ತಂಡದವರೂ ಬಂದು ತಾವು ಇವತ್ತು ಎಲ್ಲಿ ಕೆಲಸ ಮಾಡುತ್ತೇವೋ ಅಲ್ಲಿ ತಮ್ಮ ಬಣ್ಣದ ಬಿಲ್ಲೆ ಸಿಕ್ಕಿಸಬೇಕು. ಬೆಂಕಿಯ ಕೆಲಸಕ್ಕೆ ಕೆಂಪು, ಪೇಂಟಿಗೆ ಹಳದಿ, ಕರೆಂಟಿಗೆ ನೀಲಿ. ಇನ್ನೊಂದು ನಿಯಮವನ್ನು ಅವಳು ಪ್ರತಿ ತಂಡದ ಹತ್ತಿರ ಹೋಗಿ ಹೇಳಿದಳು. ಹಾರ್ನ್ ಉದ್ದಕ್ಕೆ ಕೂಗಿದರೆ, ಯಾರೇ ಊದಿರಲಿ, ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಬೇಕು.

ಗಾರ್ಲಂಡ್‌ಗೆ ನಗು ಬಂತು.

"ಮೂವತ್ತು ವರ್ಷದಿಂದ ಬೆಂಕಿ ಹಚ್ತಿದೀನಿ ಕಣಮ್ಮ. ಈಗ ಪೇಂಟರ್ ಹತ್ರ ಅಪ್ಪಣೆ ಕೇಳಬೇಕಾ? ನನ್ನ ಕೆಲಸ ನನಗೆ ಗೊತ್ತು."

"ನಿನ್ನ ಕೆಲಸ ನಿನಗೆ ಗೊತ್ತು, ಗಾರ್ಲಂಡ್. ಅದಕ್ಕೆ ನಾನು ಬಾಯಿ ಹಾಕಲ್ಲ," ಎಂದಳು ಬರ್ನಡೆಟ್. "ಪಕ್ಕದವನ ಕೆಲಸ ಗೊತ್ತಾ?"

ಅವನು ಟೀ ಲೋಟ ಎತ್ತಿಕೊಂಡು ಹೊರಟುಹೋದ. ಮಂಗಳವಾರದ ಸಭೆಗೂ ಬರಲಿಲ್ಲ, ಬುಧವಾರದ್ದಕ್ಕೂ ಬರಲಿಲ್ಲ.

ಗುರುವಾರ 'ಎಲ್ಸಿ ರೋಸ್' ಎಂಬ ಉಕ್ಕಿನ ದೋಣಿಯ ಸರದಿ. ಅದರ ಒಡಲಲ್ಲಿ ಹಿಡಿದ ಏಡಿ ತುಂಬುವ ದೊಡ್ಡ ಕೋಣೆಯಿದೆ. ಮಧ್ಯಾಹ್ನ ಅದಕ್ಕೆ ಪೇಂಟ್ ಹೊಡೆಯುವುದೆಂದು ಮೊದಲು ಗೊತ್ತಾಗಿತ್ತು. ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಂದದ್ದರಿಂದ, ಎಂಟಕ್ಕೇ ಶುರುಮಾಡುವುದೆಂದು ಸಭೆಯಲ್ಲಿ ಬದಲಾಯಿಸಿದರು. ಹಲಗೆಯ ಮೇಲೆ ಎಲ್ಸಿ ರೋಸ್‌ಗೆ ಹಳದಿ ಬಿಲ್ಲೆ ಬಿತ್ತು. ಗಾರ್ಲಂಡ್ ಅವತ್ತೂ ಸಭೆಗೆ ಬರದಿದ್ದರಿಂದ ಕೆಂಪು ಬಿಲ್ಲೆ ಇರಲಿಲ್ಲ. ಇವತ್ತು ಆ ದೋಣಿಯಲ್ಲಿ ಬೆಂಕಿಯ ಕೆಲಸ ಇಲ್ಲ ಎಂದು ಎಲ್ಲರೂ ತಿಳಿದರು.

ಆದರೆ ಗಾರ್ಲಂಡ್‌ನ ಜೇಬಿನಲ್ಲಿ ಬೆಂಕಿಯ ಕೆಲಸಕ್ಕೆ ಹಿಂದಿನ ದಿನವೇ ಮೇಸ್ತ್ರಿ ಬರೆದುಕೊಟ್ಟ ಅನುಮತಿ ಚೀಟಿ ಇತ್ತು. ಬೆಳಿಗ್ಗೆ ಏಳಕ್ಕೆ ಗಾಳಿ ಅಳೆಯುವ ಮೀಟರ್ ಹಿಡಿದು ಕೋಣೆಯೊಳಗಿನ ಗಾಳಿ ಶುದ್ಧವಾಗಿದೆಯೆಂದು ನೋಡಿಯೂ ಆಗಿತ್ತು. ಅವನು ಶೆಡ್ಡಿನ ಕೆಲಸ ಮುಗಿಸಿ ಒಂಬತ್ತೂಕಾಲಿಗೆ ದೋಣಿ ಹತ್ತಿದ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟ, ಮುಖಕ್ಕೆ ಗುರಾಣಿ ಇಳಿಸಿದ, ಮುಂಭಾಗದಲ್ಲಿ ಹಳೆಯ ಬೆಸುಗೆಯನ್ನು ಉಜ್ಜಲು ಗ್ರೈಂಡರ್ ಹಾಕಿದ. ಅವನ ಕಾಲಡಿಯ ತಗಡೇ ಆ ಕೋಣೆಯ ಸೂರು. ಕೋಣೆಗೆ ಇಳಿಯುವ ಬಾಯಿ ಮಾತ್ರ ಹಿಂದೆ, ಏಡಿ ಬೋನುಗಳನ್ನು ಎಳೆಯುವ ದೊಡ್ಡ ರಾಟೆಯ ಮರೆಯಲ್ಲಿ. ಅಲ್ಲಿ ಡಲ್ಸಿ ಎಂಬ ಹುಡುಗಿ ಕಾವಲು ನಿಂತಿದ್ದಳು. ಒಳಗೆ ಲಿಯೋ, ಅವನ ಜೊತೆಗಾರ ಪೇಂಟ್ ಹೊಡೆಯುತ್ತಿದ್ದರು. ಉಸಿರು ಕಟ್ಟಿಸುವ, ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಪೇಂಟಿನ ಆವಿಯನ್ನು ಎಳೆದು ಹೊರಹಾಕಲು ಒಂದು ಫ್ಯಾನು ಓಡುತ್ತಿತ್ತು.

ಇಷ್ಟರಲ್ಲಿ ಹೊರಗಿನ ಊರಿನಿಂದ ಇಬ್ಬರು ಎಲೆಕ್ಟ್ರಿಷಿಯನ್ನರು ಬಂದರು. ಬೆಳಗಿನ ಸಭೆ ಮುಗಿದು ಎರಡು ಗಂಟೆಯಾಗಿತ್ತು. ಹಲಗೆಯ ವಿಷಯ ಅವರಿಗೆ ಯಾರೂ ಹೇಳಲಿಲ್ಲ. ಅವರೂ ನಿಯಮದವರೇ. ವೈರಿಗೆ ಕೈ ಹಾಕುವ ಮೊದಲು ದೋಣಿ ಪಕ್ಕದ ಕಟ್ಟೆಯ ಮೇಲಿನ ಸ್ವಿಚ್ ಪೆಟ್ಟಿಗೆಯಲ್ಲಿ ಕರೆಂಟ್ ತೆಗೆದು ಬೀಗ ಹಾಕಿದರು. ಫ್ಯಾನಿನ ವೈರು ಬರುತ್ತಿದ್ದುದು ಅದೇ ಪೆಟ್ಟಿಗೆಯಿಂದ, ಗ್ರೈಂಡರಿನದು ಬೇರೆ ಪೆಟ್ಟಿಗೆಯಿಂದ.

ಫ್ಯಾನು ನಿಂತಿತು. ಕ್ರೇನಿನ ಕೋಣೆಯಲ್ಲಿದ್ದ ನನಗೆ ಕಿಡಿ ಕಾಣುತ್ತಿತ್ತು, ಡಲ್ಸಿ ಕಾಣುತ್ತಿದ್ದಳು, ಎಲೆಕ್ಟ್ರಿಷಿಯನ್ನರೂ ಕಾಣುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ. ಮೂರೂ ಕಡೆ ಕೆಲಸ ಅಚ್ಚುಕಟ್ಟಾಗಿಯೇ ನಡೆದಿತ್ತು.

ಡಲ್ಸಿಯ ಸೊಂಟದ ಮೀಟರ್ ಕೂಗಿಕೊಂಡಿತು. ಅವಳು ಒಳಗೆ ಬಗ್ಗಿ ಲಿಯೋನನ್ನು ಕರೆದಳು, ಹಾರ್ನ್ ಎತ್ತಿ ಉದ್ದಕ್ಕೆ ಊದಿದಳು. ಊದಿದವಳು ಅದರ ಗುಂಡಿಯಿಂದ ಬೆರಳು ತೆಗೆಯಲೇ ಇಲ್ಲ.

ಗ್ರೈಂಡರ್ ನಿಂತಿತು. ಗಾರ್ಲಂಡ್ ಗುರಾಣಿ ಎತ್ತಿ, ಯಾರದು ಗಲಾಟೆ ಎಂದು ರಾಟೆಯ ಕಡೆಗೆ ಬಂದ. ಆಗ ಕೋಣೆಯ ಬಾಯಿಂದ ಮೊದಲು ಜೊತೆಗಾರನ ತಲೆ ಮೇಲೆ ಬಂತು. ಅವನನ್ನು ಕೆಳಗಿನಿಂದ ಹೆಗಲು ಕೊಟ್ಟು ನೂಕುತ್ತಿದ್ದವನು ಲಿಯೋ. ಲಿಯೋನ ತುಟಿ ಬಿಳಿಚಿಕೊಂಡಿತ್ತು. ಏಣಿಯ ಕೊನೆಯ ಮೆಟ್ಟಿಲಲ್ಲಿ ಅವನ ಕೈ ಜಾರಿತು. ಗಾರ್ಲಂಡ್ ಬಾಗಿ ಅವನ ಕೋಟಿನ ಕಾಲರ್ ಹಿಡಿದು ಎಳೆದುಕೊಂಡ.

ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿದರು. ಲಿಯೋ ವಾಂತಿ ಮಾಡಿಕೊಂಡ. ಆಸ್ಪತ್ರೆಯವರು ಒಂದು ದಿನ ಇರಿಸಿಕೊಂಡು ಕಳಿಸಿದರು. ಇಬ್ಬರೂ ಚೆನ್ನಾಗಿದ್ದಾರೆ.

ಅವತ್ತು ಬರ್ನಡೆಟ್ ಯಾರನ್ನೂ ಬೈಯಲಿಲ್ಲ. ಗಾರ್ಲಂಡ್‌ನನ್ನು ಕರೆದುಕೊಂಡು ಅವನು ಕೆಲಸ ಮಾಡುತ್ತಿದ್ದ ಜಾಗಕ್ಕೆ ಹೋದಳು. ಅಲ್ಲಿ ಒಂದು ಮೊಳ ದೂರದಲ್ಲಿ ಪೈಪ್ ತೆಗೆದ ತೂತು ಬಾಯಿ ತೆರೆದುಕೊಂಡಿತ್ತು. ಅದು ನೇರ ಕೋಣೆಯೊಳಗೆ ಹೋಗುತ್ತದೆ. ತೂತಿನ ಸುತ್ತ ಕಪ್ಪು ಉಕ್ಕಿನ ಪುಡಿ ಬಿದ್ದಿತ್ತು. ಕಿಡಿ ಆರಿ ಉಳಿದ ಪುಡಿ.

ಗಾರ್ಲಂಡ್ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಆ ಪುಡಿಯನ್ನು ಬೆರಳಲ್ಲಿ ಒರೆಸಿ ನೋಡಿ, ತಾನು ಹಾರ್ನಿಗೆ ಹೆದರಿ ನಿಲ್ಲಿಸಿದ್ದಲ್ಲ, ಊದಿದವರನ್ನು ಬೈಯಲು ನಿಲ್ಲಿಸಿದ್ದು ಎಂದು ಒಪ್ಪಿಕೊಂಡ.

"ನಾನೂ ಒಂದು ತಪ್ಪು ಮಾಡಿದೀನಿ," ಎಂದಳು ಬರ್ನಡೆಟ್. "ತಡವಾಗಿ ಬಂದವರಿಗೆ ಹೇಳೋ ದಾರಿನೇ ಇಟ್ಟಿರಲಿಲ್ಲ. ನಾಳೆಯಿಂದ ಹಲಗೆ ನೋಡದೆ ಗೇಟ್ ದಾಟೋ ಹಾಗಿಲ್ಲ. ಚೀಟಿಗಳನ್ನೂ ಒಬ್ಬರೇ ಕೊಡ್ತಾರೆ, ಎಲ್ಲಾ ಒಟ್ಟಿಗೆ ಇಟ್ಟು ನೋಡಿ."

ಶನಿವಾರ ಲಿಯೋನನ್ನು ನೋಡಲು ನಾನು ಗಾರ್ಲಂಡ್‌ನ ಮನೆಗೆ ಹೋಗಿದ್ದೆ; ಅವನು ಅಕ್ಕನ ಆರೈಕೆಯಲ್ಲಿ ಅಲ್ಲೇ ಇದ್ದ. ಮರೀನಾ ಬಟಾಣಿ ಸೂಪು ಬಡಿಸುತ್ತಿದ್ದಳು. ಗಾರ್ಲಂಡ್ ತನ್ನ ಚೀಟಿ ಸರಿಯಾಗಿತ್ತು, ಪೇಂಟರ ಚೀಟಿ ಸರಿಯಾಗಿತ್ತು, ಎಲೆಕ್ಟ್ರಿಷಿಯನ್ನರದೂ ಸರಿಯಾಗಿತ್ತು ಎಂದು ನನಗೆ ವಿವರಿಸುತ್ತಿದ್ದ. ಮರೀನಾ ಸೌಟು ಕೆಳಗಿಟ್ಟಳು.

"ಕೆಳಗೆ ಯಾರಿದಾರೆ ಅಂತ ಕೇಳೋಕೆ ನಿಂಗೆ ಎಷ್ಟು ಹೊತ್ತು ಬೇಕಿತ್ತು?"

ಲಿಯೋ ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿ, "ಬಿಡಕ್ಕ. ನಾನೂ ಮೇಲೆ ಯಾರಿದಾರೆ ಅಂತ ಕೇಳಿರಲಿಲ್ಲ," ಎಂದ.

ಸೋಮವಾರ ಏಳೂವರೆಗೆ ನಾನು ಹೋಗುವಷ್ಟರಲ್ಲಿ ಗಾರ್ಲಂಡ್ ಹಲಗೆಯ ಮುಂದೆ ನಿಂತಿದ್ದ. ಅದೇ ವಾರ ಎಲ್ಸಿ ರೋಸ್‌ನ ಯಜಮಾನ ಬಂದು, ಪೇಂಟ್ ಒಣಗುವವರೆಗೆ ಯಾಕೆ ಕಾಯಬೇಕು, ಜೊತೆಜೊತೆಗೇ ಬೆಸುಗೆ ಹಾಕಿಬಿಡು ಎಂದು ಪೀಡಿಸಿದ. ನಾವೆಲ್ಲ ಬರ್ನಡೆಟ್ ಮುಖ ನೋಡಿದೆವು. ಅವಳು ಬಾಯಿ ತೆರೆಯುವ ಮೊದಲೇ ಗಾರ್ಲಂಡ್ ಅಂದ:

"ಇವತ್ತು ಆ ದೋಣಿ ಪೇಂಟರದು ಮಾರಾಯ. ಒಳಗಿನ ಗಾಳಿ ಮತ್ತೆ ಅಳೆದು ಸರಿ ಅಂದ ಮೇಲೆ ನನ್ನದು. ಅವಸರ ಇದ್ರೆ ನೀನೇ ಗ್ರೈಂಡರ್ ಹಿಡ್ಕೋ, ನಾವು ಗೇಟಿನ ಹೊರಗೆ ನಿಂತಿರ್ತೀವಿ."

ಯಜಮಾನ ಗೊಣಗಿಕೊಂಡು ಹೋದ. ದೋಣಿ ಒಂದು ದಿನ ತಡವಾಗಿ ನೀರಿಗಿಳಿಯಿತು, ಏಡಿಯನ್ನೂ ತುಂಬಿಕೊಂಡು ಬಂತು.

ಇದನ್ನು ಓದುತ್ತಿರುವವರೇ, ನಿಮ್ಮ ಊರಿನಲ್ಲಿ ಏಡಿ ದೋಣಿ ಇಲ್ಲದಿರಬಹುದು. ಆದರೆ ಕಟ್ಟುತ್ತಿರುವ ಮನೆ ಇರುತ್ತದೆ: ಕೆಳಗೆ ನೀರಿನ ತೊಟ್ಟಿಯೊಳಗೆ ಒಬ್ಬ ಬಣ್ಣ ಬಳಿಯುತ್ತಿರುತ್ತಾನೆ, ಮೇಲೆ ಇನ್ನೊಬ್ಬ ಗ್ರಿಲ್ಲಿಗೆ ಬೆಸುಗೆ ಹಾಕುತ್ತಿರುತ್ತಾನೆ. ರಿಪೇರಿಗೆಂದು ನಿಲ್ಲಿಸಿದ ಕಾರ್ಖಾನೆ ಇರುತ್ತದೆ. ನಿಮ್ಮ ಕೆಲಸ ನೀವು ಸರಿಯಾಗಿ ಮಾಡಿದರೆ ಸಾಲದು. ನಾಳೆ ಬೆಳಿಗ್ಗೆ ಉಪಕರಣಕ್ಕೆ ಕೈ ಹಾಕುವ ಮೊದಲು ಒಂದು ಸುತ್ತು ನಡೆಯಿರಿ. ಮೇಲೆ, ಕೆಳಗೆ, ಗೋಡೆಯ ಆಚೆ ಯಾರಿದ್ದಾರೆ ಎಂದು ಕೇಳಿ. ನಿಮ್ಮ ಕೆಲಸ ಅವರಿಗೇನು ಮಾಡೀತು, ಅವರದು ನಿಮಗೇನು ಮಾಡೀತು ಎಂದು ಮಾತಾಡಿಕೊಳ್ಳಿ. ಯೋಜನೆ ಬದಲಾದರೆ ಮತ್ತೆ ಮಾತಾಡಿ, ಆಮೇಲೆ ಬಂದವರನ್ನೂ ಸೇರಿಸಿಕೊಳ್ಳಿ. ಎರಡು ಕೆಲಸ ಒಂದಕ್ಕೊಂದು ಕೂಡದಿದ್ದರೆ, ಒಂದು ಕಾಯಲಿ. ಕಾದ ಕೆಲಸವನ್ನು ನಾಡಿದ್ದಾದರೂ ಮಾಡಬಹುದು.