ಯಾವ ಜಾಗಕ್ಕಾದರೂ ಏಕನಾಥಮ್ಮ

ತುರುವನೂರಿನ ಹೆಂಗಸರ ಕಬಡ್ಡಿ ತಂಡದಲ್ಲಿ ಏಕನಾಥಮ್ಮನಿಗೆ ಸ್ವಂತದ್ದೊಂದು ಜಾಗ ಇರಲಿಲ್ಲ. ಹೈಸ್ಕೂಲಿನಿಂದಲೂ ಹಾಗೇ. ಎಡಮೂಲೆಯವಳಿಗೆ ಜ್ವರ ಬಂದರೆ ಎಡಮೂಲೆ, ನಡುವಿನವಳು ಬಾಣಂತನಕ್ಕೆ ಹೋದರೆ ನಡು, ರೈಡರ್‌ಗೆ ಮದುವೆ ಗೊತ್ತಾದರೆ ರೈಡು. ಎಲ್ಲರೂ ಹಾಜರಿದ್ದ ದಿನ ಗೆರೆಯಾಚೆ ಕೂತು ನೀರಿನ ಬಾಟಲಿ ಕಾಯುತ್ತಿದ್ದಳು. ಮದುವೆಯಾಗಿ, ಮಗಳು ಶಾಲೆಗೆ ಸೇರಿದ ಮೇಲೂ ಆಟ ಬಿಡಲಿಲ್ಲ. ಗಂಡ ಬಾಲರಾಜು ಕುರಿ ಕಾಯುವವನು. ಪಂದ್ಯವಿದ್ದಾಗ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಅವಳನ್ನು ಬೈಕಿನಲ್ಲಿ ಕರೆದೊಯ್ಯುತ್ತಿದ್ದ.

ಈ ಸಲ ಪಂದ್ಯ ಮಾರಿಕಣಿವೆಯಲ್ಲಿತ್ತು. ಫೈನಲ್ಲಿಗೆ ಬಂದದ್ದು ತುರುವನೂರು ಮತ್ತು ಹೊಸದುರ್ಗ. ಅಷ್ಟರಲ್ಲಿ ಹೊಸದುರ್ಗದ ಹುಡುಗಿಯೊಬ್ಬಳ ಕಾಲು ಉಳುಕಿ, ಅವರಲ್ಲಿ ಆರೇ ಜನ ಉಳಿದರು. ಮೈದಾನದ ಸುತ್ತ ಜನವೋ ಜನ. ಪಂದ್ಯ ನಡೆಸುತ್ತಿದ್ದ ಗೋವಿಂದಯ್ಯ ತುರುವನೂರಿನ ನಾಯಕಿ ಚಂದ್ರಕ್ಕನ ಬಳಿ ಬಂದರು.

"ನಿಮ್ಮೋರಲ್ಲಿ ಒಬ್ರನ್ನ ಅವರಿಗೆ ಕೊಡ್ರಿ. ಆರು ಜನದ ಮೇಲೆ ಗೆದ್ರೆ ನಿಮಗೇನು ಮರ್ಯಾದೆ ಐತೆ?"

"ನಮ್ ಏಕಿನ ಕರ್ಕಂಡು ಹೋಗ್ರಿ. ಯಾವ ಜಾಗಕ್ಕಾದ್ರೂ ಆಗ್ತಾಳೆ," ಎಂದಳು ಚಂದ್ರಕ್ಕ, ಪಕ್ಕದ ಮನೆಗೆ ಒನಕೆ ಕೊಟ್ಟಷ್ಟು ಸಲೀಸಾಗಿ.

ಏಕನಾಥಮ್ಮನಿಗೆ ಚುರುಕ್ಕೆಂದಿತು. ತನ್ನನ್ನೊಂದು ಮಾತು ಕೇಳಲಿಲ್ಲವಲ್ಲ! ಹೊಸದುರ್ಗದವರ ಹಳದಿ ಜೆರ್ಸಿ ತೊಟ್ಟು, "ನಾನು ಬಲಮೂಲೇಲಿ ನಿಲ್ತೀನಿ," ಎಂದಳು. ಅವಳು ಬಾಯಿಬಿಟ್ಟು ಜಾಗ ಕೇಳಿದ್ದು ಅದೇ ಮೊದಲು.

ಬಾಲರಾಜು ಯಾರ ಪರ ಕೂಗಬೇಕೆಂದು ತಿಳಿಯದೆ ಎರಡೂ ಕಡೆಗೆ ಶಿಳ್ಳೆ ಹಾಕಿದ.

ತುರುವನೂರಿನ ಪಟ್ಟುಗಳೆಲ್ಲ ಅವಳಿಗೆ ಗೊತ್ತಿದ್ದವು; ಒಂದಲ್ಲ ಒಂದು ದಿನ ಅವನ್ನೆಲ್ಲ ತಾನೇ ಹಾಕಿದ್ದಳು. ಆಟ ಮುಗಿಯುವ ಹೊತ್ತಿಗೆ ಅಂಕಗಳು ಸಮ. ಕಡೆಯ ರೈಡಿಗೆ ಚಂದ್ರಕ್ಕನೇ ಬಂದಳು. ಹಿಂದಿರುಗುವ ಮುನ್ನ ಎಡಗಾಲನ್ನು ಮೂಲೆಯತ್ತ ಚಾಚಿ ಕೆಣಕುವುದು ಅವಳ ಚಾಳಿ. ಚಾಚಿದಳು. ಏಕನಾಥಮ್ಮ ಗಬಕ್ಕನೆ ಎರಗಿ ಪಾದದ ಕೀಲನ್ನೇ ಹಿಡಿದಳು. ಮಿಕ್ಕವರೆಲ್ಲ ಮೇಲೆ ಬಿದ್ದರು. ಸೀಟಿ ಕೂಗಿತು. ಹೊಸದುರ್ಗ ಗೆದ್ದಿತ್ತು.

ಮಣ್ಣು ಕೊಡವುತ್ತ ಎದ್ದ ಚಂದ್ರಕ್ಕ ದುರುಗುಟ್ಟಿ ನೋಡಿದಳು.

"ಲೇ ಏಕಿ, ಇಂಥಾ ಹಿಡಿತ ಇಷ್ಟ್ ವರ್ಷ ಎಲ್ಲಿ ಮುಚ್ಚಿಟ್ಟಿದ್ದೆ?"

"ಒಂದು ಕಡೆ ನಿಲ್ಲಾಕೆ ಬಿಟ್ಟಿದ್ರೆ ತಾನೆ ಅಕ್ಕ, ತೋರ್ಸಾಕೆ!"

ಚಂದ್ರಕ್ಕ ಗೊಳ್ಳನೆ ನಕ್ಕಳು. ಆಗ ಹೊಸದುರ್ಗದ ನಾಯಕಿ ಲತಾ ಓಡಿಬಂದು, "ಅಕ್ಕ, ನೀವು ನಮ್ ಟೀಮಿಗೇ ಬಂದ್ಬಿಡ್ರಿ," ಎಂದಳು.

"ಎರವಲು ಕೊಟ್ಟಿದ್ದು ಕಣಮ್ಮ, ಮಾರಿಲ್ಲ!" ಚಂದ್ರಕ್ಕ ಅಡ್ಡ ಬಂದಳು.

"ನನ್ನ ಕೇಳ್ರಿ," ಎಂದಳು ಏಕನಾಥಮ್ಮ. ಇಬ್ಬರೂ ಅವಳತ್ತ ತಿರುಗಿದರು. "ನಾನು ತುರುವನೂರಿಗೇ ಆಡ್ತೀನಿ. ಆದ್ರೆ ಬಲಮೂಲೆ ನಂದು."

"ಅದು ನನ್ ಜಾಗ ಕಣೇ!"

"ಹಂಗಾದ್ರೆ ಹೊಸದುರ್ಗದೋರ ಟೆಂಪೋ ಅಲ್ಲೈತೆ ನೋಡ್ರಿ, ಹತ್ತಿ ಹೋಗ್ತೀನಿ."

ಚಂದ್ರಕ್ಕ ಟೆಂಪೋ ನೋಡಿದಳು, ಏಕನಾಥಮ್ಮನ ಮುಖ ನೋಡಿದಳು. "ತಗಳೇ ಮಾರಾಯ್ತಿ!" ಎಂದು ಕೈಮುಗಿದಳು.

ಮುಂದಿನ ತಿಂಗಳು ಹೊಳಲ್ಕೆರೆಯಲ್ಲಿ ಏಕನಾಥಮ್ಮ ಬಲಮೂಲೆಯಲ್ಲಿ ನಿಂತಳು. ನಡುವಿಗೆ ಸರಿದಿದ್ದ ಚಂದ್ರಕ್ಕ ಮೊದಮೊದಲು ತಡವರಿಸಿದಾಗ, "ಒಂಚೂರು ಹಿಂದಕ್ಕೆ ಬರ್ರಿ ಅಕ್ಕ," ಎಂದು ಪಿಸುಗುಟ್ಟಿದಳು. ಚಂದ್ರಕ್ಕ ಗೊಣಗಿಕೊಂಡೇ ಬಂದಳು. ಸಂಜೆ ಗೆದ್ದ ಕಪ್ಪನ್ನು ಬೆಂಚಿನ ಮೇಲಿಟ್ಟು, ಅದರ ಸುತ್ತ ಕೂತು ತಂಡದವರೆಲ್ಲ ಮಂಡಕ್ಕಿ ಮೆಣಸಿನಕಾಯಿ ತಿಂದರು.